ಬಾಳವ್ವ ಕರೆದ ಕರು

ಹತ್ತರಗಿಯ ಕುರುಬರ ಬಾಳವ್ವ ಆಫ್ರಿಕಕ್ಕೆ ಹೋಗಿದ್ದಾಳೆಂಬ ಸುದ್ದಿಯನ್ನು ಊರವರು ಮೊದಮೊದಲು ನಂಬಲಿಲ್ಲ. ನಂಬುವುದಾದರೂ ಹೇಗೆ? ಐವತ್ತೈದು ವರ್ಷದ ಹೆಂಗಸು. ನಡೆಯಲು ಕಲಿತಾಗಿನಿಂದ ಕುರಿಹಿಂಡಿನ ಹಿಂದೆ ಹೆಜ್ಜೆ ಹಾಕಿದವಳು. ವರ್ಷದಲ್ಲಿ ಆರು ತಿಂಗಳು ಯಾರದೋ ಹೊಲದಲ್ಲಿ ಹಿಂಡು ಕೂಡಿಸಿಕೊಂಡು ಡೇರೆಯಲ್ಲಿ ಮಲಗುವವಳು. ಅಂಥವಳು ವಿಮಾನ ಹತ್ತಿ ಸಮುದ್ರ ದಾಟಿದಳೆಂದರೆ ಚಹಾದಂಗಡಿಯ ಬೆಂಚಿನ ಮೇಲಿದ್ದವರು ನಕ್ಕೇ ನಕ್ಕರು. ನಗಲಿ ಬಿಡಿ. ಅವರು ನಗುವ ಹೊತ್ತಿಗೆ ಬಾಳವ್ವ ಟಾಂಜಾನಿಯಾದ ಬಯಲಿನಲ್ಲಿ ಕ್ಯಾನ್ವಾಸ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದಳು.

ಇದೆಲ್ಲ ಮಗಳು ಶಿವಾನಿಯ ಕಿತಾಪತಿ. ಶಿವಾನಿ ಹುಕ್ಕೇರಿಯಲ್ಲಿ ದನದ ಡಾಕ್ಟರು. ಯಮಕನಮರಡಿಯ ಶಿದ್ರಾಮ ಎಂಬುವನು ಟೆಂಪೊ ಇಟ್ಟುಕೊಂಡು ಜನರನ್ನು ಕಾಶಿ, ಕೇದಾರ, ಶ್ರೀಶೈಲ ಎಂದು ತಿರುಗಿಸಿ ತಿರುಗಿಸಿ ಬೇಸರ ಬಂದು, ಈ ಸಲ ಫೆಬ್ರವರಿಯಲ್ಲಿ ಆಫ್ರಿಕಾ ಸಫಾರಿ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಗೋಡೆಗಳಿಗೆಲ್ಲ ಸಿಂಹದ ಚಿತ್ರ ಅಂಟಿಸಿದ್ದ. ಶಿವಾನಿ ಅವ್ವನನ್ನು ಒಂದು ಮಾತೂ ಕೇಳದೆ ಎರಡು ಹೆಸರು ಬರೆಸಿ ಬಂದಳು. ಬಾಳವ್ವ ಮರಿಗಳನ್ನು ಯಾರು ನೋಡಿಕೊಳ್ಳಬೇಕೆಂದು ಎರಡು ದಿನ ಜಗಳ ತೆಗೆದಳು. ಮೂರನೆಯ ದಿನ ಗಂಡ ಹಣಮಂತ, ಮರಿಗಳನ್ನು ತಾನು ನೋಡಿಕೊಳ್ಳುವುದಾಗಿಯೂ, ಅವಳು ಹೋಗಿ ಆ ದೇಶದ ಹಿಂಡುಗಳನ್ನು ನೋಡಿಬಂದು ತನಗೆ ಸರಿಯಾಗಿ ಹೇಳಬೇಕೆಂದೂ ಕಂಡೀಷನ್ ಹಾಕಿ ಕಳಿಸಿಕೊಟ್ಟ.

ಮೊದಲು ಎರಡು ದಿನ ಹೊಳೆದಂಡೆಯ ಕ್ಯಾಂಪು. ಅಲ್ಲಿ ಊಟದ ಮೇಜಿನ ಮಗ್ಗುಲಲ್ಲೇ ಆನೆಗಳು ಹಾಯ್ದು ಹೋದವು. ಆಮೇಲೆ ಈ ಬಯಲಿನ ಕ್ಯಾಂಪು. ಸುತ್ತ ಹಸಿರು ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯಂಥ ಮರ, ನಡುವೆ ಹತ್ತು ಡೇರೆ. ಈ ಕ್ಯಾಂಪು ಒಂದೇ ಕಡೆ ಇರುವುದಲ್ಲವಂತೆ. ಪ್ರಾಣಿಗಳು ಮೇವು ಹುಡುಕಿಕೊಂಡು ಸರಿದ ಹಾಗೆ ಇವರೂ ಡೇರೆ ಕಿತ್ತು, ಲಾರಿಗೆ ಹೇರಿ, ಅವುಗಳ ಹಿಂದೆಯೇ ಹೋಗುತ್ತಾರಂತೆ. ಇದನ್ನು ಕೇಳಿ ಬಾಳವ್ವನಿಗೆ ನಗು ತಡೆಯಲಾಗಲಿಲ್ಲ. ತಾವು ಅಜ್ಜ ಮುತ್ತಜ್ಜರ ಕಾಲದಿಂದ ಇರುವ ಹಾಗೆ ಇರುವುದಕ್ಕೆ ದೊಡ್ಡ ದೊಡ್ಡ ದೇಶದ ಜನ ಸೂಟ್‌ಕೇಸ್ ಎಳೆದುಕೊಂಡು ಬರುತ್ತಾರಲ್ಲ ಎಂದು ಶಿವಾನಿಯ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ನಕ್ಕು ಮುಗಿಸಿ ಡೇರೆಗಳ ಸುತ್ತ ಒಂದು ಸುತ್ತು ಹಾಕಿ ತಪ್ಪು ಹುಡುಕಲು ಶುರುಮಾಡಿದಳು. ಬಾಗಿಲು ಗಾಳಿಗೆ ಎದುರಾಗಿದೆ, ಹಗ್ಗ ಸಡಿಲಾಗಿದೆ, ನೀರು ಹರಿಯುವ ತಗ್ಗಿನಲ್ಲಿ ಅಡುಗೆಯ ಡೇರೆ ಹೊಡೆದಿದ್ದಾರೆ. ಶಿದ್ರಾಮ ಕೈಮುಗಿದು ಸುಮ್ಮನಿರಬೇಕೆಂದು ಬೇಡಿಕೊಂಡ.

ಆದರೆ ಒಳಗೆ ಹೋದ ಮೇಲೆ ಅವಳ ಬಾಯಿ ಕಟ್ಟಿತು. ಡೇರೆಯೊಳಗೆ ಮಂಚ, ಮೆತ್ತನೆಯ ಗಾದಿ, ಬರೆಯುವ ಮೇಜು, ಕಂದೀಲು. ಹಿಂದುಗಡೆ ಬಚ್ಚಲು. ಅದರ ಮೇಲೆ ಕಂಬಕ್ಕೆ ನೇತುಬಿಟ್ಟ ಕ್ಯಾನ್ವಾಸ್ ಚೀಲ. ಕೂಗಿ ಹೇಳಿದರೆ ಹೊರಗಿನಿಂದ ಒಬ್ಬ ಗಂಡಾಳು ಬಿಸಿನೀರು ತಂದು ಚೀಲಕ್ಕೆ ಸುರಿಯುತ್ತಾನೆ, ಒಳಗೆ ಸರಪಣಿ ಜಗ್ಗಿದರೆ ಮಳೆಯ ಹಾಗೆ ನೀರು. ಬಾಳವ್ವ ಒಂದು ಚೀಲ ಮುಗಿಸಿ, ಸಂಕೋಚ ಬಿಟ್ಟು ಇನ್ನೊಂದು ಚೀಲ ಬೇಕೆಂದು ಮಗಳಿಂದ ಹೇಳಿಸಿದಳು. ಜನ್ಮದಲ್ಲೇ ಇಷ್ಟು ಹೊತ್ತು ಸ್ನಾನ ಮಾಡಿರಲಿಲ್ಲ.

ಆ ದಿನ ಮಲಗಲು ಹೋದಾಗ ಇನ್ನೊಂದು ಫಜೀತಿ. ಹೊದಿಕೆಯೊಳಗೆ ಕಾಲು ಚಾಚಿದರೆ ಬೆಚ್ಚಗೆ, ಮೆತ್ತಗೆ ಏನೋ ತಾಗಿತು. ಪಕ್ಕದ ಡೇರೆಯಲ್ಲಿ ಮೂಡಲಗಿಯ ಅನ್ನಪೂರ್ಣಾ, ಬೆಲ್ಲದ ವ್ಯಾಪಾರಸ್ಥರ ಮನೆಯ ಹೆಂಗಸು, ಅದೇ ಹೊತ್ತಿಗೆ ಹಾವೆಂದು ಕಿರುಚಿ ಗಂಡ ಉಮೇಶನನ್ನು ಮಂಚದಿಂದ ಕೆಳಗೆ ಕೆಡವಿದ್ದಳು. ಬಾಳವ್ವ ಕಿರುಚಲಿಲ್ಲ. ಚಳಿಯಲ್ಲಿ ಹುಟ್ಟಿದ ಎಳೆಮರಿಯನ್ನು ಕಂಬಳಿಯೊಳಗೆ ಹಾಕಿಕೊಂಡು ಮಲಗುವುದು ಅವಳಿಗೆ ರೂಢಿ. ಇಲ್ಲಿಯವರೂ ಯಾವುದೋ ಮರಿಯನ್ನು ತಂದು ಮಲಗಿಸಿದ್ದಾರೆಂದು ತಿಳಿದು, ಪಾಪ, ಅದನ್ನು ತುಳಿದೇನೆಂದು ಕಾಲು ಮಡಚಿಕೊಂಡು, ಮೆಲ್ಲಗೆ ಕೈಯಾಡಿಸಿದಳು. ಅದು ಬಿಸಿನೀರು ತುಂಬಿದ ರಬ್ಬರಿನ ಚೀಲ. ಶಿವಾನಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಬಾಳವ್ವ ಆ ಚೀಲವನ್ನೇ ಬಗಲಲ್ಲಿಟ್ಟುಕೊಂಡು ಸುಖವಾಗಿ ನಿದ್ದೆಹೋದಳು.

ಬೆಳಗಾಗುತ್ತಲೇ ಜೀಪು ತಯಾರು. ಮೇಲೆ ಛಾವಣಿ ಎತ್ತಿದರೆ ನಿಂತುಕೊಂಡು ನೋಡುವಂಥ ಜೀಪು. ಅದನ್ನು ಓಡಿಸುವವನೂ ದಾರಿ ತೋರಿಸುವವನೂ ಒಬ್ಬನೇ, ಲೆಮಾಯನ್ ಎಂಬ ಎತ್ತರದ ಆಸಾಮಿ. ಅವನ ಮನೆಯವರೂ ದನ ಕುರಿ ಕಾಯುವ ಮಸಾಯಿಗಳು. ಅವನ ಇಂಗ್ಲಿಷನ್ನು ಶಿವಾನಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಜೀಪಿನಿಂದ ಕೆಳಗೆ ಇಳಿಯಬಾರದು, ಪ್ರಾಣಿಗೆ ತಿನ್ನಲು ಏನನ್ನೂ ಎಸೆಯಬಾರದು, ಕೂಗಬಾರದು. ಈ ಮೂರು ಮಾತನ್ನು ಲೆಮಾಯನ್ ಬೆರಳು ಮಡಚಿ ಹೇಳಿದ. ಅನ್ನಪೂರ್ಣಾ ಆಗಲೇ ಡಬ್ಬಿ ಬಿಚ್ಚಿ ಎಲ್ಲರ ಕೈಗೂ ಕಟಕರೊಟ್ಟಿ, ಶೇಂಗಾಚಟ್ನಿ ಕೊಡುತ್ತಿದ್ದಳು. ಲೆಮಾಯನ್‌ಗೂ ಒಂದು ಸಿಕ್ಕಿತು. ಅವನು ಅದನ್ನು ಕಟುಂ ಕಟುಂ ಕಡಿಯುತ್ತಲೇ ಜೀಪು ಏರು ಹತ್ತಿಸಿದ.

ಏರು ಮುಗಿದಾಗ ಐವರಿಗೂ ಉಸಿರು ನಿಂತಿತು. ಕಣ್ಣು ಹಾಯುವಷ್ಟು ದೂರ ಬರೀ ಪ್ರಾಣಿ. ಕಪ್ಪು, ಬೂದು, ಕಪ್ಪು. ನೆಲವೇ ಕಾಣಿಸದು. ಎಮ್ಮೆಯ ಕೋಡು, ಕುದುರೆಯ ಬಾಲ, ಹೋತದ ಗಡ್ಡ. ಲೆಮಾಯನ್ ಅವುಗಳ ಹೆಸರು ವಿಲ್ಡೆಬೀಸ್ಟ್ ಎಂದ. ಬಾಳವ್ವ ಅಷ್ಟುದ್ದದ ಹೆಸರಿಗೆ ಹೋಗದೆ ಗಡ್ಡದೆಮ್ಮಿ ಎಂದು ನಾಮಕರಣ ಮಾಡಿಬಿಟ್ಟಳು. ಛಾವಣಿಯ ಕಂಬಿ ಹಿಡಿದು ನಿಂತವಳಿಗೆ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರೇ ಬಂತು. ತನ್ನ ಹಿಂಡಿನ ಮುನ್ನೂರು ತಲೆಯನ್ನು ಒಂದು ನೋಟಕ್ಕೆ ಅಳೆದು ಒಂದು ಕಡಿಮೆಯಾದರೂ ಹೇಳುವವಳು, ಇಲ್ಲಿ ಎಲ್ಲಿಂದ ಅಳೆಯಬೇಕೆಂದೇ ತಿಳಿಯದೆ ನಿಂತಳು. ಹತ್ತರಗಿಯ ಹೈವೇ ದಾಟಿಸಲು ಮುನ್ನೂರಕ್ಕೆ ನಾಲ್ಕು ಮಂದಿ ಬೇಕು. ಈ ಲಕ್ಷ ಲಕ್ಷಕ್ಕೆ ಕಾಯುವವರು ಎಷ್ಟು ಮಂದಿಯೆಂದು ಕೇಳಿದಳು. ಯಾರೂ ಇಲ್ಲವೆಂದು ಶಿವಾನಿ ಹೇಳಿದಾಗ ಅವಳಿಗೆ ಸಂಕಟವಾಯಿತು.

ಅದು ಕರು ಹಾಕುವ ಕಾಲ. ಎಲ್ಲಿ ನೋಡಿದರಲ್ಲಿ ಕಂದುಬಣ್ಣದ ಎಳೆಗರುಗಳು. ಅವರ ಕಣ್ಣೆದುರೇ ಒಂದು ತಾಯಿ ಹೆತ್ತಿತು. ಬಿದ್ದ ಕರು ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ಉಮೇಶ ಗಡಿಯಾರ ನೋಡುತ್ತಿದ್ದ. ಏಳು ನಿಮಿಷಕ್ಕೆ ಅದು ತಾಯಿಯ ಹಿಂದೆ ಓಡಿಯೇ ಬಿಟ್ಟಿತು. ಬಾಳವ್ವ ಜೀಪಿನಲ್ಲೇ ಕುಣಿದಳು. ಹಣಮಂತನಿಗೆ ಇದನ್ನು ಹೇಳಿದರೆ ತನಗೆ ಹುಚ್ಚೆಂದಾನು, ನೀನೇ ಸಾಕ್ಷಿ ಎಂದು ಮಗಳ ಕೈ ಹಿಡಿದು ಎಳೆದಾಡಿದಳು.

ಆ ಖುಷಿಯಲ್ಲೇ ಅನಾಹುತವಾಯಿತು.

ಸ್ವಲ್ಪ ಮುಂದೆ, ಒಂಟಿ ಜಾಲಿಮರದ ಹತ್ತಿರ, ಒಂದು ಕರು ಹಾಲು ಕುಡಿದು ಮಲಗಿತ್ತು. ಅದರ ತಾಯಿ ಹತ್ತು ಮಾರು ದೂರದಲ್ಲಿ ಮೇಯುತ್ತಿತ್ತು. ಅಷ್ಟರಲ್ಲಿ ಯಾವುದೋ ಹೆದರಿಕೆಗೆ ಹಿಂಡು ಒಮ್ಮೆಲೇ ಎದ್ದು ಓಡಿತು, ತಾಯಿಯನ್ನೂ ಸೆಳೆದುಕೊಂಡು ಹೋಯಿತು. ಕರು ಎದ್ದು ಗಾಬರಿಯಿಂದ ಅತ್ತ ಇತ್ತ ನೋಡಿ, ಹಿಂಡಿನ ಕಡೆ ಮುಖ ತಿರುಗಿಸಿತು. ಇನ್ನೊಂದು ಗಳಿಗೆ ಜೀಪಿನವರು ಸುಮ್ಮನಿದ್ದಿದ್ದರೆ ಓಡಿಹೋಗುತ್ತಿತ್ತು. ಆದರೆ ದಿಕ್ಕುತಪ್ಪಿದ ಮರಿ ಕಣ್ಣಿಗೆ ಬಿದ್ದರೆ ಬಾಳವ್ವನ ನಾಲಗೆ ಅವಳ ಅಪ್ಪಣೆಗೆ ಕಾಯುವುದಿಲ್ಲ. ನಾಲಗೆಯನ್ನು ಅಂಗುಳಕ್ಕೆ ಒತ್ತಿ, ಗಂಟಲಿನ ಆಳದಿಂದ ತಾಯಿಕುರಿ ಗುರುಗುಡುವ ಹಾಗೆ ಎಳೆದು ಎಳೆದು ಕರೆಯುವ ಕರೆಯೊಂದಿದೆ. ಸಂಜೆ ಹಿಂಡು ಡೇರೆಗೆ ಬಂದಾಗ, ಕೂಡಿಹಾಕಿದ್ದ ಮರಿಗಳನ್ನು ಬಿಟ್ಟು ತಾಯಂದಿರಿಗೆ ಕೂಡಿಸುವಾಗ ಕುರುಬರ ಹೆಣ್ಣುಮಕ್ಕಳು ಹಾಗೆ ಕರೆಯುತ್ತಾರೆ. ಬಾಳವ್ವ ಅದನ್ನೇ ಕರೆದಳು.

ಕರು ಗಕ್ಕನೆ ನಿಂತಿತು. ಕಿವಿ ಈ ಕಡೆ ತಿರುಗಿತು. ಆಮೇಲೆ ನೆಟ್ಟಗೆ ಜೀಪಿಗೆ ಓಡಿಬಂದು ಚಕ್ರಕ್ಕೆ ಮೂತಿ ಹಚ್ಚಿತು.

ಅನ್ನಪೂರ್ಣಾ ಎಷ್ಟು ಚಂದ ಎಂದು ಫೋಟೊ ತೆಗೆದಳು. ಶಿದ್ರಾಮನೂ ಕರುವಿನ ಜೊತೆ ಹಲ್ಲುಕಿರಿದು ಸೆಲ್ಫಿ ತೆಗೆದುಕೊಂಡ. ಲೆಮಾಯನ್ ಮಾತ್ರ ನಗಲಿಲ್ಲ. ಅವನು ಹಿಂತಿರುಗಿ ಬಾಳವ್ವನ ಮುಖವನ್ನೇ ನೋಡಿದ. ಎದುರಿನ ದಿಬ್ಬ ನೋಡಿದರೆ ಹಿಂಡು ಆಗಲೇ ಆಚೆ ಇಳಿದು, ಧೂಳು ಮಾತ್ರ ಉಳಿದಿತ್ತು. ತಾನು ಮಾಡಿದ್ದೇನೆಂಬುದು ಬಾಳವ್ವನಿಗೆ ಆಗ ತಿಳಿಯಿತು.

ಲೆಮಾಯನ್ ಜೀಪನ್ನು ಸ್ವಲ್ಪ ಮುಂದೆ ತೆಗೆದುಕೊಂಡ. ಕರು ಹಿಂದೆಯೇ ಓಡಿತು. ನಿಲ್ಲಿಸಿದ, ನಿಂತಿತು. ಹುಟ್ಟಿದ ಹೊಸದರಲ್ಲಿ ಇವು ಯಾವುದನ್ನು ನಂಬುತ್ತವೋ ಅದರ ಹಿಂದೆಯೇ ಹೋಗುತ್ತವೆ, ಹೀಗೆ ಜೀಪಿಗೆ ಗಂಟುಬಿದ್ದವು ಸಂಜೆಯವರೆಗೆ ಬದುಕುವುದು ಕಷ್ಟ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ಅವನು ಬೆರಳು ಮಾಡಿದ ಕಡೆ, ಹುಲ್ಲಿನಲ್ಲಿ, ಒಂದು ಕತ್ತೆಕಿರುಬ ಎದ್ದು ಕೂತಿತ್ತು. ಅದಕ್ಕೂ ಕರು ಕಂಡಿತ್ತು.

ಶಿದ್ರಾಮನಿಗೆ ಕಾಡಿನ ಕಾನೂನು ನೆನಪಾಯಿತು. ಇದೆಲ್ಲ ದಿನಾಲೂ ನಡೆಯುವುದೇ, ಸಿಂಹ ನೋಡಲು ಹೊತ್ತಾಗುತ್ತದೆ, ನಡೆಯಿರಿ ಎಂದ. ಅನ್ನಪೂರ್ಣಾ ಕ್ಯಾಮೆರಾ ಕೆಳಗಿಟ್ಟು ಅಳುಮುಖ ಮಾಡಿದಳು. ಬಾಳವ್ವ ಕಂಬಿ ಬಿಟ್ಟು ಕೆಳಗೆ ಕೂತು ಮಗಳ ತೋಳು ಹಿಡಿದಳು.

"ಅದು ತಾನಾಗೇ ತಪ್ಪಿಸ್ಕೊಂಡಿದ್ದಲ್ಲ. ನಾ ಕರದೆ, ಅದಕ್ಕ ಬಂತು. ಅದರ ಜೀವಾ ಹೋದ್ರ ಅದು ನನ್ನ ಮ್ಯಾಲೆ. ಹಿಂಗ ಬಿಟ್ಟು ಹೋಗಾಕ ಬರೂದಿಲ್ಲ ಅಂತ ಹೇಳು ಅವಗ."

ಶಿವಾನಿ ಹೇಳಿದಳು. ಬೇರೆ ಯಾರಾದರೂ ಆಗಿದ್ದರೆ ಭುಜ ಕುಣಿಸಿ ಸುಮ್ಮನಾಗುತ್ತಿದ್ದರೋ ಏನೋ. ಲೆಮಾಯನ್ ದನ ಕಾದು ಬೆಳೆದವನು. ಒಂದು ಸಲ ಕಿರುಬವನ್ನು ನೋಡಿದ, ಒಂದು ಸಲ ಕರುವನ್ನು ನೋಡಿದ, ಸರಕ್ಕನೆ ಗೇರು ಬದಲಿಸಿದ. ಜೀಪಿನ ಹಿಂದೆ ಕರೆದುಕೊಂಡೇ ಹೋಗಿ ಹಿಂಡಿಗೆ ಸೇರಿಸಿ ನೋಡೋಣ ಎಂದ.

ಆಹಾ, ಆಮೇಲಿನ ಹತ್ತು ನಿಮಿಷ! ಜೀಪು ಕರುವಿನ ಓಟಕ್ಕೆ ತಕ್ಕಂತೆ ದಿಬ್ಬ ಹತ್ತುತ್ತದೆ, ಮಗ್ಗುಲಲ್ಲಿ ಕಡ್ಡಿಯಂಥ ಕಾಲು ಎತ್ತಿ ಹಾಕುತ್ತ ಕರು, ಅದರ ಹಿಂದೆ ನೂರು ಮಾರಿನಲ್ಲಿ ಕುಂಟುನಡಿಗೆಯ ಕಿರುಬ. ಉಮೇಶನಿಗೆ ಕಿರುಬದ ಮೇಲೆ ಕಣ್ಣಿಡುವ ಕೆಲಸ. ಅವನು ಕ್ರಿಕೆಟ್ ಕಾಮೆಂಟರಿ ಹೇಳುವ ಹಾಗೆ, ಈಗ ಎಡಕ್ಕೆ ಬಂತು, ಈಗ ನಿಂತಿತು, ಈಗ ಮತ್ತೆ ಎದ್ದಿತು ಎಂದು ಒದರುತ್ತಿದ್ದ. ಸಿಂಹ ಸಿಂಹ ಎನ್ನುತ್ತಿದ್ದ ಶಿದ್ರಾಮ ಸಿಂಹವನ್ನು ಮರೆತು ಅರ್ಧ ಮೈ ಹೊರಗೆ ಹಾಕಿ ಕರುವಿಗೆ ಹುರುಪು ತುಂಬುತ್ತಿದ್ದ. ಬಾಳವ್ವನಿಗೆ ಹೆದರಿಕೆಯೂ ಇತ್ತು, ಹೇಳಿದರೆ ನಾಚಿಕೆ, ಇಷ್ಟು ಹುರುಪು ಹರೆಯದಲ್ಲಿ ತೋಳದ ಬೆನ್ನು ಹತ್ತಿದಾಗಲೂ ಬಂದಿರಲಿಲ್ಲ.

ಹಿಂಡು ಸಿಕ್ಕಿತು. ಲೆಮಾಯನ್ ಓಡುವ ಪ್ರಾಣಿಗಳ ಅಂಚಿಗೆ ಜೀಪು ಒಯ್ದು ನಿಲ್ಲಿಸಿದ. ಎರಡೂ ಕಡೆ ನೂರಾರು ಗಡ್ಡದೆಮ್ಮೆಗಳು ಗೊರಸು ಬಡಿಯುತ್ತ ಹಾಯ್ದವು, ಜೀಪು ಗಡಗಡ ನಡುಗಿತು, ಬಾಯಿ ತೆರೆದರೆ ಧೂಳು. ಕರು ಒಂದು ಹೆಣ್ಣಿನ ಹೊಟ್ಟೆಯಡಿಗೆ ನುಗ್ಗಿತು. ಅದು ಮೂಸಿನೋಡಿ ಕೋಡಿನಿಂದ ಎತ್ತಿ ಒಗೆಯಿತು. ಕರು ಎದ್ದು ಇನ್ನೊಂದರ ಹತ್ತಿರ ಹೋಯಿತು. ಅದೂ ಕೋಡಿನಿಂದ ಹಾಯ್ದು ಕೆಡವಿತು. ಮೂರನೆಯದೂ ಹಾಯ್ದಾಗ ಕರು ಏಳಲು ತಡಮಾಡಿತು. ಎದ್ದದ್ದು ನೆಟ್ಟಗೆ ಜೀಪಿನ ನೆರಳಿಗೇ ಬಂದು ಕುಸಿಯಿತು.

ಲೆಮಾಯನ್ ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತ. ಇನ್ನು ತನ್ನಿಂದಾಗದು ಎಂಬುದು ಅವನ ಬೆನ್ನಲ್ಲೇ ಕಾಣುತ್ತಿತ್ತು. ಬಾಳವ್ವ ಕಣ್ಣು ಮುಚ್ಚಿಕೊಂಡಳು. ಅವಳಿಗೆ ತನ್ನ ಹಿಂಡಿನ ತಾಯಿಕುರಿಗಳು ನೆನಪಾದವು. ಮರಿ ಕಳೆದುಕೊಂಡ ಕುರಿ ಹಿಂಡಿನೊಳಗೆ ಹುಡುಕುವುದಿಲ್ಲ. ಎಷ್ಟು ಹೊಡೆದು ಅಟ್ಟಿದರೂ ತಿರುಗಿ ತಿರುಗಿ ಒಂದೇ ಕಡೆ ಓಡುತ್ತದೆ. ಹೌದಲ್ಲ! ಬಾಳವ್ವ ಹಣೆ ಬಡಿದುಕೊಂಡಳು. ಇಷ್ಟು ಹೊತ್ತು ತನ್ನ ಬುದ್ಧಿ ಏನು ಮಣ್ಣು ತಿನ್ನಲು ಹೋಗಿತ್ತೋ.

"ಕಡೀಗೆ ಹಾಲು ಕುಡಿಸಿದ ಜಾಗಾಕ್ಕ ತಾಯಿ ತಿರುಗಿ ಬಂದೇ ಬರತೈತಿ," ಎಂದಳು. "ನಾವು ಮರೀನ ದೂರ ತಂದ ತಪ್ಪು ಮಾಡೇವಿ. ಆ ಜಾಲಿಗಿಡದ ಕಡೆ ಹೊಳ್ಳಸಂತ ಹೇಳು ಅವಗ. ಲಗೂನ."

ಶಿವಾನಿ ಹೇಳಿ ಮುಗಿಸುವ ಮೊದಲೇ ಲೆಮಾಯನ್‌ಗೆ ಅರ್ಥವಾಗಿತ್ತು. ಅವನ ಮುಖದಲ್ಲಿ ಆ ಬೆಳಿಗ್ಗೆ ಮೊದಲ ಸಲ ದೊಡ್ಡ ನಗು ಮೂಡಿತು. ತಮ್ಮ ಹಸುಗಳೂ ಹಾಗೆಯೇ, ತನ್ನ ತಾಯಿ ಕೇಳಿದ್ದರೆ ತನಗೆ ಕೋಲಿನಿಂದ ಬಾರಿಸುತ್ತಿದ್ದಳು ಎಂದು ಹೇಳುತ್ತಲೇ ಜೀಪು ತಿರುಗಿಸಿದ. ಕರು ಎದ್ದು ನಿಂತು ತೂರಾಡಿತು, ಆದರೂ ಬೆನ್ನು ಬಿಡಲಿಲ್ಲ. ಹೋಗುವಾಗ ಹತ್ತು ನಿಮಿಷ ಹಿಡಿದ ದಾರಿಗೆ ತಿರುಗಿ ಬರುವಾಗ ಇಪ್ಪತ್ತು ನಿಮಿಷ ಹಿಡಿಯಿತು. ಕಿರುಬ ಈಗ ಐವತ್ತೇ ಮಾರು ದೂರ.

ಜಾಲಿಮರದ ಹತ್ತಿರ ಜೀಪು ನಿಂತಿತು. ಅಲ್ಲಿ ಯಾವ ತಾಯಿಯೂ ಇರಲಿಲ್ಲ. ಕರು ಚಕ್ರದ ಮಗ್ಗುಲಿಗೆ ಬಂದು ಮಲಗಿತು. ಬಾಳವ್ವ ಇಂಜಿನ್ ಬಂದ್ ಮಾಡಿಸಿದಳು. ಇನ್ನು ಒಬ್ಬರೂ ಮಾತನಾಡಬಾರದು, ಕ್ಯಾಮೆರಾದ ಸದ್ದೂ ಆಗಬಾರದು ಎಂದು ಸನ್ನೆ ಮಾಡಿದಳು. ತನ್ನ ದನಿ, ಜೀಪಿನ ದನಿ, ಇವೆರಡನ್ನೇ ತಾಯಿ ಎಂದು ಅದು ನಂಬಿಕೊಂಡಿದೆ. ಇವೆರಡೂ ಸತ್ತಂತೆ ಸುಮ್ಮನಾದರೆ ಮಾತ್ರ ನಿಜವಾದ ತಾಯಿಯ ದನಿ ಅದರ ಕಿವಿಗೆ ಹೋದೀತು.

ಐದು ನಿಮಿಷ. ಹತ್ತು ನಿಮಿಷ. ಕಿರುಬ ಮೂವತ್ತು ಮಾರಿಗೆ ಬಂದು ಕೂತು ಬಾಯಿ ನೆಕ್ಕಿಕೊಂಡಿತು. ಶಿದ್ರಾಮ ಅಂಗಿಯ ಒಳಗಿನ ಲಿಂಗದ ಕರಡಿಗೆ ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದ. ಬಾಳವ್ವನಿಗೆ ತಾನು ಹೇಳಿದ್ದೇ ಸುಳ್ಳಾಯಿತೇನೋ ಎನಿಸಿತು. ಕುರಿಯ ಮಾತು ಬೇರೆ, ಈ ಗಡ್ಡದೆಮ್ಮೆಯ ಮಾತು ಬೇರೆಯಾದರೆ ಏನು ಗತಿ?

ಆಗ ದಿಬ್ಬದ ಮೇಲೆ ಒಂದು ತಲೆ ಕಂಡಿತು.

ಒಂದೇ ಒಂದು. ಹಿಂಡೆಲ್ಲ ಆ ಕಡೆ ಹೋಗಿದ್ದರೆ ಇದೊಂದು ಈ ಕಡೆ ಓಡಿಬರುತ್ತಿತ್ತು. ಮೂಗು ನೆಲಕ್ಕೆ ತಾಗಿಸಿ, ತಲೆಯೆತ್ತಿ, ಹೂಂ ಹೂಂ ಎಂದು ಗುರುಗುಟ್ಟುತ್ತ, ಕೆಚ್ಚಲು ಬಿಗಿದು ಅಲ್ಲಾಡುತ್ತ. ಅನ್ನಪೂರ್ಣಾ ಗಂಡನ ಕೈಯನ್ನು ಉಗುರು ನಾಟುವಷ್ಟು ಹಿಂಡಿದಳು. ಕರು ಕಿವಿಯೆತ್ತಿತು. ಎದ್ದು ನಿಂತಿತು. ಆದರೆ ತಾಯಿಯ ಕಡೆ ಹೋಗಲಿಲ್ಲ. ತಲೆಯನ್ನು ಮೇಲೆ ಮಾಡಿ ಬಾಳವ್ವನನ್ನೇ ನೋಡಿತು. ಹೋಗಲೋ ಬೇಡವೋ ಎಂದು ಕೇಳುವ ಹಾಗೆ ನೋಡಿತು.

ಕಿರುಬ ಎದ್ದಿತು.

ಬಾಳವ್ವನ ಗಂಟಲಲ್ಲಿ ಕರೆ ಉಕ್ಕಿಬಂತು. ಹೋಗು ಎನ್ನಬೇಕು, ಓಡು ಎನ್ನಬೇಕು, ಒದರಬೇಕು. ಏನು ಒದರಿದರೂ ಅದು ತನ್ನ ಕಡೆಗೇ ಬರುತ್ತದೆಂದು ಅವಳಿಗೆ ಗೊತ್ತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಹಲ್ಲು ಕಚ್ಚಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಲುಗಿದರೂ ಕರು ತಪ್ಪು ತಿಳಿದೀತು.

ಕಿರುಬ ನುಗ್ಗಿತು. ಅದಕ್ಕಿಂತ ಮೊದಲು ತಾಯಿ ನುಗ್ಗಿತ್ತು. ತಲೆ ತಗ್ಗಿಸಿ, ಕೋಡು ಮುಂದೆ ಮಾಡಿ, ಗಾಡಿಯ ಮುಂದೆಯೇ ಧೂಳೆಬ್ಬಿಸಿ ಹಾಯ್ದು, ಕಿರುಬದ ಪಕ್ಕೆಗೆ ಕೊಟ್ಟ ಏಟಿಗೆ ಅದು ಎರಡು ಉರುಳು ಉರುಳಿ ಕುಂಯ್ಗುಡುತ್ತ ಓಡಿತು. ತಾಯಿ ನಿಂತು ಏದುಸಿರು ಬಿಡುತ್ತ ಮತ್ತೆ ಹೂಂ ಎಂದಿತು. ಈ ಸಲ ಕರು ಬಾಳವ್ವನ ಕಡೆ ತಿರುಗಿ ನೋಡಲಿಲ್ಲ. ಒಂದೇ ಓಟಕ್ಕೆ ಹೋಗಿ ತಾಯಿಯ ಹೊಟ್ಟೆಯಡಿ ಹೊಕ್ಕು, ಬಾಲ ಅಲ್ಲಾಡಿಸುತ್ತ ಮೊಲೆಗೆ ಬಾಯಿ ಹಾಕಿತು. ತಾಯಿ ಅದರ ಬಾಲದ ಬುಡವನ್ನು ಮೂಸಿತು. ಹಾಯಲಿಲ್ಲ.

ಶಿದ್ರಾಮ ಎರಡೂ ಕೈ ಮೇಲೆತ್ತಿ ಕೂಗಲು ಬಾಯಿ ತೆರೆದ. ಬಾಳವ್ವ ಹಿಂದಿನಿಂದ ಅವನ ಕಾಲರ್ ಹಿಡಿದು ಕೂರಿಸಿದಳು. ಲೆಮಾಯನ್ ಚಾವಿಗೆ ಕೈ ಹಾಕಿದ. ಅವನಿಗೂ ಕಣ್ಣಲ್ಲೇ ಬೇಡವೆಂದಳು. ಕರು ಕುಡಿದು ಮುಗಿಸುವವರೆಗೆ ಆರೂ ಮಂದಿ ಹಾಗೇ ಕೂತರು. ತಾಯಿ ಹೊರಟಿತು, ಕರು ಅದರ ಮಗ್ಗುಲಿಗೆ ಅಂಟಿಕೊಂಡು ಹೊರಟಿತು. ದಿಬ್ಬ ಹತ್ತಿದವು. ದಿಬ್ಬದ ನೆತ್ತಿಯಲ್ಲಿ ಎರಡಾಗಿ ಕಂಡವು, ಆಮೇಲೆ ಆಚೆಗೆ ಇಳಿದುಹೋದವು.

ಬಾಳವ್ವ ಇನ್ನೂ ಸ್ವಲ್ಪ ಹೊತ್ತು ಆ ದಿಬ್ಬವನ್ನೇ ನೋಡಿದಳು. ತನ್ನ ದನಿ ಅಲ್ಲಿಗೆ ಮುಟ್ಟಲಾರದು ಎಂದು ಖಾತ್ರಿಯಾದ ಮೇಲೆ, ಕಚ್ಚಿ ಕಚ್ಚಿ ಒದ್ದೆಯಾದ ಸೆರಗನ್ನು ಬಾಯಿಂದ ತೆಗೆದಳು.

"ಈಗ ಮಾತಾಡ್ರಿ," ಎಂದವಳೇ, ಎಲ್ಲರಿಗಿಂತ ಮೊದಲು ತಾನೇ ಗೊಳೋ ಎಂದು ಅತ್ತಳು.